ಮದ್ದೂರಿನಲ್ಲಿ ಕುದಿದ ಮಾರಿಸ್

2023ರಲ್ಲಿ ತೆರೆದ ಬೆಂಗಳೂರು–ಮೈಸೂರು ದಶಪಥದಲ್ಲಿ ಸಾಗುವವರು ಮಂಡ್ಯವನ್ನೂ ಮದ್ದೂರನ್ನೂ ಕಾಣದೆಯೇ ದಾಟಿಬಿಡುತ್ತಾರೆ. ನಮ್ಮ ತಾತನವರು ಕೊಂಡ ಮಾರಿಸ್ ಮೈನರಿಗೆ ಹಳೆಯ ರಸ್ತೆಯೇ ಒಗ್ಗುತ್ತದೆ. 1948ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಜಾತಿಯದು, 948 ಸಿ.ಸಿ.ಯ ಪುಟ್ಟ ಇಂಜಿನು, ಆಮೆಯಂಥ ದುಂಡು ಮೈ.

ಮುಂದಿನ ವಾರ ಅದನ್ನು ಕೊಳ್ಳುವವರು ಬರುವವರಿದ್ದರು. ಮಾತು ಕೊಟ್ಟವನು ನಾನೇ. ಹೋದಲ್ಲೆಲ್ಲ ಕುದಿದು ನಿಲ್ಲುವ ಗಾಡಿಯನ್ನಿಟ್ಟುಕೊಂಡು ಮಾಡುವುದೇನು? ತಂದೆಯವರು ಬೇಡವೆನ್ನಲಿಲ್ಲ. “ಒಮ್ಮೆ ಗಗನಚುಕ್ಕಿಗೆ ಹೋಗಿಬರೋಣವಪ್ಪ. ನನ್ನ ತಂದೆ ಇದರಲ್ಲೇ ಕರೆದೊಯ್ದಿದ್ದರು” ಎಂದಷ್ಟೇ ಹೇಳಿದರು. ಕಾಯಿಲೆಯಿಂದೆದ್ದ ಮೇಲೆ ಅವರು ಬಾಯಿಬಿಟ್ಟು ಕೇಳಿದ ಮೊದಲ ಕೋರಿಕೆ ಅದು.

ಬೆಳಗ್ಗೆ ಮಂಡ್ಯವನ್ನು ಬಿಟ್ಟೆವು. ನಾಲೆಯ ನೀರುಂಡ ಗದ್ದೆಗಳು, ಕಬ್ಬಿನ ತೋಟಗಳು. ಕಬ್ಬು ಹೇರಿದ ಟ್ರಾಕ್ಟರುಗಳ ಹಿಂದೆ ಆಮೆಗೂ ಆಮೆನಡಿಗೆಯೇ ಆಯಿತು. ಇಂಜಿನು ಮೆಲ್ಲನೆ ತಿರುಗಿದರೆ ಅದಕ್ಕೆ ಕಟ್ಟಿದ ಫ್ಯಾನೂ ಮೆಲ್ಲನೆ ತಿರುಗುತ್ತದೆ; ಎದುರುಗಾಳಿಯೂ ಇಲ್ಲ. ಮದ್ದೂರು ತಲುಪುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು.

ನಾನು ಇಳಿದು ರೇಡಿಯೇಟರಿನ ಮುಚ್ಚಳಕ್ಕೆ ಕೈಯಿಡುವಷ್ಟರಲ್ಲಿ, “ಮುಟ್ಟಬ್ಯಾಡಿ ಸ್ವಾಮಿ!” ಎಂಬ ಕೂಗು ಕೇಳಿಸಿತು. ಎದುರಿನ ಶೆಡ್ಡಿನ ಮುದುಕ ಮೇಸ್ತ್ರಿ. ಸುಮಾರು 2,200 ಅಡಿ ಎತ್ತರದ ಈ ಸೀಮೆಯಲ್ಲಿ ಬಯಲಿಗಿಟ್ಟ ನೀರು 100 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ. ಮುಚ್ಚಳದ ಸ್ಪ್ರಿಂಗು ಅದನ್ನು ಒತ್ತಡದಲ್ಲಿ ಹಿಡಿದು, ಕುದಿಯುವ ಹಂತವನ್ನು ಮೇಲಕ್ಕೇರಿಸುತ್ತದೆ. ಬಿಸಿಯಲ್ಲಿ ತೆರೆದರೆ ಒತ್ತಡ ಇಳಿದು, ಕುದಿನೀರು ಮುಖಕ್ಕೇ ಎರಚೀತು. ತಣ್ಣೀರು ಸುರಿದರೆ ಕಾದ ಎರಕ ಬಿರಿದೀತು. ತಣಿಯುವವರೆಗೆ ಕಾಯುವುದೊಂದೇ ದಾರಿ. ಮುಕ್ಕಾಲು ಗಂಟೆ ಕಾದೆವು. ತಂದೆಯವರು ಮದ್ದೂರು ವಡೆಯನ್ನು ಮುರಿದು ಮುರಿದು ಸವಿದರು.

ಬಳಿಕ ಮೇಸ್ತ್ರಿ ರೇಡಿಯೇಟರನ್ನು ಕೈಯಿಂದ ಸವರಿ ನೋಡಿದ. ಕೆಲವೆಡೆ ಬಿಸಿ, ಕೆಲವೆಡೆ ತಣ್ಣಗೆ. ತಣ್ಣಗಿರುವಲ್ಲಿ ಕೊಳವೆ ಕಟ್ಟಿದೆ ಎಂದರ್ಥ. “ಯಾವ ನೀರು ಹಾಕ್ತೀರಿ?” ಎಂದ. “ಮನೆಯ ಬೋರಿನದು” ಎಂದೆ. ಅವನು ನಕ್ಕ. ನಮ್ಮ ಕಾಫಿ ಪಾತ್ರೆಯ ತಳದಲ್ಲಿ ಬಿಳಿಯ ಹೆಪ್ಪು ಕಟ್ಟಿಸುವ ಅದೇ ಸುಣ್ಣದ ನೀರನ್ನು ನಾನು ವರ್ಷಗಟ್ಟಲೆ ಸುರಿದಿದ್ದೆ! ರೋಗ ಗಾಡಿಯದಾಗಿರಲಿಲ್ಲ.

ರಬ್ಬರು ಕೊಳವೆಗಳನ್ನು ಕಳಚಿ, ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸಿದ. ಮೊದಲು ಕೆಂಪು ರಾಡಿ, ಆಮೇಲೆ ಸುಣ್ಣದ ಚಕ್ಕೆ, ಕಡೆಗೆ ತಿಳಿನೀರು. ಸಡಿಲಿದ ಫ್ಯಾನ್ ಬೆಲ್ಟನ್ನು ಹೆಬ್ಬೆರಳೊತ್ತಿದರೆ ಅರ್ಧ ಅಂಗುಲ ಬಗ್ಗುವಷ್ಟು ಬಿಗಿದ. ತನ್ನ ಡ್ರಮ್ಮಿನಲ್ಲಿ ಹಿಡಿದಿಟ್ಟಿದ್ದ ಮಳೆನೀರನ್ನು ತುಂಬಿ, “ನೀರಿದ್ರೆ ಸಾಲ್ದು ಸ್ವಾಮಿ, ಹರೀಬೇಕು” ಎಂದ. ಕನ್ನಂಬಾಡಿಯ ನೀರು ನಾಲೆಯಲ್ಲಿ ಹರಿದುದರಿಂದಲೇ ಹಸಿರಾದ ಸೀಮೆಯ ಮಾತು ಅದು.

ಭಾರತೀನಗರದ ಮೇಲೆ ಮಳವಳ್ಳಿ ಹಾದು ಶಿವನಸಮುದ್ರ ಸೇರುವವರೆಗೆ ಹಬೆಯ ಸುಳಿವಿಲ್ಲ. 1902ರಲ್ಲಿ ಇಲ್ಲಿಂದಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. ಗಗನಚುಕ್ಕಿಯ ಎದುರು ತಂದೆಯವರು ಗಾಡಿಯ ಬಾನೆಟ್ಟಿಗೆ ಒರಗಿ ಬಹಳ ಹೊತ್ತು ನಿಂತರು. ಲೋಹ ಬೆಚ್ಚಗಿತ್ತು, ಅಷ್ಟೇ.

ಕೊಳ್ಳುವವರಿಗೆ ಅಂದು ಸಂಜೆಯೇ ಫೋನು ಮಾಡಿ ಕ್ಷಮೆ ಕೇಳಿದೆ. ಮರುದಿನ ಮಹಡಿಯ ತೂಬಿನ ಕೆಳಗೆ, ಮಳೆಯನ್ನು ಹಿಡಿಯಲು, ಅಜ್ಜಿಯ ಕಾಲದ ಹಂಡೆಯೊಂದನ್ನು ಇಟ್ಟೆ.