ಬೋರ್ಡಿನ ಮೇಲಿನ ಲೆಕ್ಕ

‘ವರ್ಕ್ ಕಲ್ಚರ್’ ಅನ್ನೋ ಮಾತು ದೊಡ್ಡ ಕಂಪನಿಗಳ ಸ್ವತ್ತು ಅಂತ ನಮ್ಮಂಥ ಸಣ್ಣ ವ್ಯಾಪಾರಸ್ಥರು ಅಂದುಕೊಂಡುಬಿಟ್ಟಿದ್ದೇವೆ. ದಾವಣಗೆರೆಯಲ್ಲಿ ನನ್ನದೊಂದು ಪುಟ್ಟ ಆಫ್‌ಸೆಟ್ ಪ್ರೆಸ್ ಇದೆ. ನಾನೂ ಸೇರಿ ಏಳು ಜನ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಕರಪತ್ರ, ಇಷ್ಟೇ ನಮ್ಮ ಕೆಲಸ. ಎಚ್‌ಆರ್ ಇಲ್ಲ, ಗೋಡೆ ಮೇಲೆ ಧ್ಯೇಯವಾಕ್ಯವೂ ಇಲ್ಲ. ಹಾಗಂತ ಕಲ್ಚರ್ ಇಲ್ಲವೇ? ಇದ್ದೇ ಇರುತ್ತದೆ. ಕೆಲಸ ಕೆಟ್ಟಾಗ ದುಡ್ಡು ಯಾರ ಜೇಬಿನಿಂದ ಹೋಗುತ್ತೆ, ಅದನ್ನು ನೋಡಿದರೆ ಸಾಕು, ಆ ಅಂಗಡಿಯ ಕಲ್ಚರ್ ಗೊತ್ತಾಗುತ್ತೆ.

ನಾನು ಮೊದಲು ಕೆಲಸಕ್ಕಿದ್ದ ಪ್ರೆಸ್ಸಿನಲ್ಲಿ ಕಾಗದ ಹಾಳಾದರೆ ಸಂಬಳದಲ್ಲಿ ಕಟ್. ಅದರಿಂದ ಹಾಳಾಗೋದು ಕಡಿಮೆಯಾಯಿತೇ? ಇಲ್ಲ. ಕೆಟ್ಟ ಹಾಳೆಗಳು ಬಂಡಲ್ಲಿನ ನಡುವೆ ಸೇರಿಕೊಂಡು ಗಿರಾಕಿಯ ಮನೆ ತಲುಪುತ್ತಿದ್ದವು.

ಹಾಗಾಗಿ ಸ್ವಂತ ಪ್ರೆಸ್ ಹಾಕಿದಾಗ ಒಂದೇ ನಿಯಮ ಮಾಡಿದೆ: ತಪ್ಪನ್ನು ತಾನಾಗಿ ಹೇಳಿದವರಿಗೆ ದಂಡವಿಲ್ಲ. ಎರಡು ವರ್ಷದ ಹಿಂದೆ ಅದಕ್ಕೆ ಪರೀಕ್ಷೆ ಬಂತು. 800 ಲಗ್ನಪತ್ರಿಕೆ ಅಚ್ಚಾಗಿ, ಬೆಳಿಗ್ಗೆ ಕೊಡಬೇಕಿತ್ತು. ರಾತ್ರಿ ಎಂಟಕ್ಕೆ ಡಿಟಿಪಿ ಹುಡುಗ ಬಂದು, “ಸರ್, ಪ್ರೂಫ್ ಓಕೆ ಆದ್ಮೇಲೆ ಒಂದು ಹೆಸರು ಸೇರಿಸೋಕೆ ಹೇಳಿದ್ರಲ್ಲ, ಆಗ ಮುಹೂರ್ತದ ಟೈಮ್ ನನ್ನ ಕೈಯಿಂದ ತಪ್ಪಾಗಿದೆ” ಅಂದ. ಮುಖ ಬಿಳುಚಿಕೊಂಡಿತ್ತು. ಬೈಂಡಿಂಗ್ ಅಕ್ಕ ಮನೆಗೆ ಫೋನ್ ಮಾಡಿ ತಡವಾಗುತ್ತೆ ಅಂದರು. ಹೊಸ ಪ್ಲೇಟ್ ಹಾಕಿ ರಾತ್ರಿ ಎರಡರವರೆಗೆ ಮತ್ತೆ ಅಚ್ಚು ಹಾಕಿದೆವು. ಆ ಕೆಲಸದಲ್ಲಿ ನನಗೆ ನಷ್ಟವೇ. ಆದರೆ ಅವನು ಬಾಯಿ ಮುಚ್ಚಿಕೊಂಡಿದ್ದರೆ? ನೂರಾರು ಜನ ಧಾರೆ ಮುಗಿದ ಮೇಲೆ ಛತ್ರ ಸೇರುತ್ತಿದ್ದರು. ನಾವು ಮಾರೋದು ಕಾಗದವಲ್ಲ, ಜನರನ್ನು ಹೊತ್ತಿಗೆ ಸರಿಯಾಗಿ ಅಕ್ಷತೆ ಹಾಕೋಕೆ ಕಳಿಸೋದು ನಮ್ಮ ಕೆಲಸ. ನಮ್ಮ ಧ್ಯೇಯ ಏನು ಅಂತ ಯಾರಾದರೂ ಕೇಳಿದರೆ ಈಗ ಇದನ್ನೇ ಹೇಳುತ್ತೇನೆ.

ಈ ವಿಚಾರದಲ್ಲಿ ನನಗೆ ಬೆಂಗಳೂರಿನ ಎಂ.ಟಿ.ಆರ್. ದೊಡ್ಡ ಪಾಠ. 1924ರಲ್ಲಿ ಉಡುಪಿ ಕಡೆಯ ಮಯ್ಯ ಸಹೋದರರು ಶುರು ಮಾಡಿದ್ದು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ಸುತ್ತಿ ಬಂದ ಮೇಲೆ ಅಡುಗೆಮನೆಯ ಶುಚಿಗೆ ಇನ್ನಷ್ಟು ಒತ್ತು ಕೊಟ್ಟರು. ಗಿರಾಕಿಗಳು ಅಡುಗೆಮನೆ ದಾಟಿಯೇ ಊಟಕ್ಕೆ ಹೋಗುವಂತಿತ್ತು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗಳ ಬೆಲೆ ಇಳಿಸಿದಾಗ ಗುಣಮಟ್ಟ ಇಳಿಸಲಿಲ್ಲ, ದಿನದ ನಷ್ಟವನ್ನು ಹೊರಗೆ ಬೋರ್ಡಿನ ಮೇಲೆ ಬರೆದರು. ಹೋಟೆಲ್ ಮುಚ್ಚಬೇಕಾಗಿ ಬಂದಾಗ ಕೆಲಸಗಾರರ ಕೈಗೆ ಕೆಲಸ ಉಳಿಯಲೆಂದು ಮಸಾಲೆ ಪುಡಿ, ಮಿಕ್ಸ್‌ಗಳ ಕಡೆ ಹೊರಳಿದರು.

ಅವರು ಊರಿಗೆ ತೋರಿಸಿದ ಲೆಕ್ಕವನ್ನು ನಾನು ಕನಿಷ್ಠ ಆರು ಜನಕ್ಕಾದರೂ ತೋರಿಸಬಹುದಲ್ಲ ಅನ್ನಿಸಿತು. ಈಗ ಶನಿವಾರ ಸಂಜೆ ಚಹಾ ಹೊತ್ತಿಗೆ ಬೋರ್ಡಿನ ಮೇಲೆ ಬರೆಯುತ್ತೇನೆ: ಬಂದದ್ದು, ಕಾಗದ, ಇಂಕು, ಕರೆಂಟ್ ಬಿಲ್ಲು, ಬ್ಯಾಂಕಿನ ಕಂತು, ಸಂಬಳ, ಉಳಿದದ್ದು. ಆಷಾಢದಲ್ಲಿ ಮದುವೆ ಕೆಲಸ ಇರಲ್ಲ, ಆಗ ಓವರ್‌ಟೈಮ್ ಯಾಕಿಲ್ಲ ಅಂತ ಈಗ ಯಾರೂ ಗೊಣಗೋದಿಲ್ಲ. ಹಾಳೆ ಹೇಗೆ ಕತ್ತರಿಸಿದರೆ ಚೂರು ಕಡಿಮೆ ಅಂತ ಮೆಷಿನ್‌ಮನ್ನೇ ಲೆಕ್ಕ ಹಾಕಿ ತೋರಿಸುತ್ತಾರೆ.

ಆದರೆ ಬಾಗಿಲು ತೆರೆದರೆ ಗಾಳಿ ಒಂದೇ ಕಡೆ ಬೀಸೋದಿಲ್ಲ ನೋಡಿ. ಮೊದಲ ಸೀಸನ್ ಮುಗಿದ ಶನಿವಾರ ಬೈಂಡಿಂಗ್ ಅಕ್ಕ ಬೋರ್ಡು ನೋಡಿ, “ಇಷ್ಟು ಉಳಿದೈತಲ್ಲ ಅಣ್ಣಾರೆ, ಇದರಾಗೆ ನಮ್ಮದೆಷ್ಟು?” ಅಂದರು. ಕೇಳಿದ್ದು ನ್ಯಾಯವೇ. ಅವತ್ತಿನಿಂದ ಸೀಸನ್ ಲಾಭದಲ್ಲಿ ಹತ್ತನೇ ಒಂದು ಪಾಲು ಅವರ ಆರು ಜನಕ್ಕೆ ಸಮನಾಗಿ ಹೋಗುತ್ತದೆ. ಅದು ನನ್ನ ಜೇಬಿನಿಂದಲೇ ಹೋಗುತ್ತೆ, ಇಲ್ಲ ಅನ್ನಲ್ಲ. ‘ನಾವೆಲ್ಲ ಒಂದೇ ಮನೆಯವರು’ ಅಂತ ಬಾಯಲ್ಲಿ ಹೇಳೋದು ಪುಕ್ಕಟೆ. ಮನೆಯವರೇ ಆದರೆ ಅವರಿಗೂ ಲೆಕ್ಕ ಗೊತ್ತಿರಬೇಕು, ಪಾಲೂ ಸಿಗಬೇಕು.