ಜೋಡಿಹುಟ್ಟಿನ ದೋಣಿ

ಸಂಸ್ಕೃತವನ್ನು ಕಲಿಯತೊಡಗಿದ ಕನ್ನಡದ ಬಾಲಕನಿಗೆ ಮೊದಲನೆಯ ತೊಡಕು ಬರುವುದು ದ್ವಿವಚನದಲ್ಲಿ. ಒಂದಕ್ಕೆ ಏಕವಚನ, ಹಲವಕ್ಕೆ ಬಹುವಚನ ಎಂಬುದು ಅವನಿಗೆ ತಾಯ್ನುಡಿಯಿಂದಲೇ ತಿಳಿದ ಸಂಗತಿ. ಎರಡಕ್ಕೆಂದೇ ಬೇರೆ ಪ್ರತ್ಯಯಗಳೇಕೆ, ಎರಡೂ ಹಲವರಲ್ಲಿಯೇ ಸೇರಿದುದಲ್ಲವೆ, ಎಂದು ಅವನು ಕೇಳುತ್ತಾನೆ. ಪಂಡಿತರು ಕಣ್ಣು, ಕಿವಿ, ಕೈ, ಅಶ್ವಿನೀದೇವತೆಗಳು ಎಂದು ಉದಾಹರಣೆಗಳನ್ನು ಕೊಟ್ಟು ಸಮಾಧಾನ ಹೇಳುತ್ತಾರೆ. ಬಾಲಕನು ಪರೀಕ್ಷೆಯ ಭಯದಿಂದ ಒಪ್ಪಿಕೊಳ್ಳುತ್ತಾನೆಯೇ ಹೊರತು ಮನಸ್ಸಿನಿಂದಲ್ಲ. ಎರಡೆಂಬುದು ಒಂದೂ ಅಲ್ಲದ, ಹಲವೂ ಅಲ್ಲದ ಬೇರೆಯೇ ಸಂಖ್ಯೆಯೆಂಬುದನ್ನು ಪ್ರತ್ಯಕ್ಷವಾಗಿ ತೋರಿಸತಕ್ಕ ವಸ್ತುವೊಂದು ಪಶ್ಚಿಮದೇಶಗಳ ಆಟಗಳಲ್ಲಿ ಉಂಟು. ಅದು ಡಬಲ್ ಸ್ಕಲ್ಸ್ ಎಂದು ಹೆಸರಾದ ಜೋಡಿಹುಟ್ಟಿನ ದೋಣಿಯ ಪಂದ್ಯ.

ದೋಣಿಯೆಂದೊಡನೆ ವಾಚಕರು ಹೊಳೆ ದಾಟಿಸುವ ಅಗಲವಾದ ನಾವೆಯನ್ನು ನೆನೆಯಲಾಗದು. ಇದರ ಉದ್ದ ಸುಮಾರು 33 ಅಡಿ. ಅಗಲವಾದರೋ ಕುಳಿತವನ ಸೊಂಟಕ್ಕೆ ಸಾಲುವಷ್ಟು ಮಾತ್ರ. ಹಿಂದೆ ಇದನ್ನು ದೇವದಾರು ಜಾತಿಯ ಮರದ ತೆಳುಹಲಗೆಯಿಂದ ಮಾಡುತ್ತಿದ್ದರು. ಈಗ ಕಾರ್ಬನ್ ನಾರಿನಿಂದ ಮಾಡುತ್ತಾರೆ. ತೂಕವು 27 ಕಿಲೋಗ್ರಾಮಿಗೆ ಕಡಿಮೆಯಿರಕೂಡದೆಂದು ಅಂತರರಾಷ್ಟ್ರೀಯ ನಿಯಮವಿದೆ. ಅಂದರೆ ಅದಕ್ಕಿಂತ ಹಗುರ ಮಾಡಬಲ್ಲ ಕುಶಲರೂ ಇದ್ದಾರೆಂದಾಯಿತು. ಇಬ್ಬರು ಒಬ್ಬನ ಹಿಂದೊಬ್ಬನು ಕುಳಿತುಕೊಳ್ಳುತ್ತಾರೆ. ಒಬ್ಬೊಬ್ಬನ ಎರಡು ಕೈಗಳಲ್ಲಿ ಎರಡು ಹುಟ್ಟುಗಳು. ಕುಳಿತ ಪೀಠಗಳು ಸಣ್ಣ ಹಳಿಗಳ ಮೇಲೆ ಹಿಂದೆ ಮುಂದೆ ಜಾರುವುವು. ಆದುದರಿಂದ ಎಳೆತದ ಬಲವು ತೋಳಿಗಿಂತ ಹೆಚ್ಚಾಗಿ ಕಾಲಿನಿಂದ ಬರುತ್ತದೆ. ಚುಕ್ಕಾಣಿ ಹಿಡಿದು ದಾರಿ ಹೇಳುವವನಿಲ್ಲ. ಇಬ್ಬರೂ ಗುರಿಗೆ ಬೆನ್ನು ಮಾಡಿ ಕುಳಿತಿರುವುದರಿಂದ, ಮುಂದಿರುವವರಿಗೆ ಹಿಂದೆ ಬಿದ್ದವರು ಕಾಣುತ್ತಾರೆ. ಹಿಂದೆ ಬಿದ್ದವರಿಗೆ ತಮ್ಮನ್ನು ಮೀರಿದವರು ತಿರುಗಿ ನೋಡದ ಹೊರತು ಕಾಣುವುದಿಲ್ಲ.

ಈ ದೋಣಿಯು ತಾನಾಗಿ ನೆಟ್ಟಗೆ ನಿಲ್ಲುವುದಲ್ಲ. ನಾಲ್ಕು ಹುಟ್ಟುಗಳೇ ಅದನ್ನು ನಿಲ್ಲಿಸಬೇಕು. ನಾಲ್ಕೂ ಒಂದೇ ಕ್ಷಣದಲ್ಲಿ ನೀರಿಗಿಳಿದು, ಒಂದೇ ಕ್ಷಣದಲ್ಲಿ ಮೇಲೇಳಬೇಕು. ಒಬ್ಬನು ರೆಪ್ಪೆ ಬಡಿಯುವಷ್ಟು ಮುಂಚಿತವಾಗಿ ಎಳೆದರೂ ದೋಣಿಯು ವಾಲುತ್ತದೆ, ಇನ್ನೊಬ್ಬನ ಹುಟ್ಟು ನೀರನ್ನು ಹಿಡಿಯದೆ ಜಾರುತ್ತದೆ. ಎರಡು ಸಾವಿರ ಮೀಟರುಗಳ ದಾರಿಯಲ್ಲಿ ಹೀಗೆ ಇನ್ನೂರಕ್ಕೂ ಮೇಲ್ಪಟ್ಟು ಎಳೆತಗಳು. ಒಬ್ಬನೇ ನಡೆಸುವ ದೋಣಿಯಲ್ಲಿ ತಪ್ಪು ತನ್ನೊಬ್ಬನದು. ಎಂಟು ಜನರ ದೋಣಿಯಲ್ಲಿ ಒಬ್ಬನ ಸೋಮಾರಿತನವನ್ನು ಉಳಿದ ಏಳು ಜನರ ಬೆವರು ಮುಚ್ಚಬಹುದು. ಇಲ್ಲಿ ಮುಚ್ಚುವುದಕ್ಕೂ ಎಡೆಯಿಲ್ಲ, ಒಂಟಿಯಾಗುವುದಕ್ಕೂ ಎಡೆಯಿಲ್ಲ.

ಒಲಿಂಪಿಕ್ ಕ್ರೀಡೆಗಳಲ್ಲಿ ಈ ಪಂದ್ಯವು 1904ರಲ್ಲಿ ಮೊದಲಾಗಿ, ನಡುವೆ ನಿಂತು, 1920ರಿಂದ ಅವಿಚ್ಛಿನ್ನವಾಗಿ ನಡೆದುಬಂದಿದೆ. ದೋಣಿಪಂದ್ಯಗಳಿಗೆಂದೇ ಏರ್ಪಟ್ಟ ವಿಶ್ವಸ್ಪರ್ಧೆಗಳು 1962ರಲ್ಲಿ ಸ್ವಿಟ್ಜರ್ಲೆಂಡಿನ ಲೂಸರ್ನ್ ನಗರದಲ್ಲಿ ಆರಂಭವಾದುವು. 2014ರಲ್ಲಿ ಆಮ್‌ಸ್ಟರ್‌ಡಾಮ್ ನಗರದ ವಿಶ್ವಸ್ಪರ್ಧೆಯಲ್ಲಿ ಕ್ರೊಯೇಷಿಯಾ ದೇಶದ ಮಾರ್ಟಿನ್ ಮತ್ತು ವಾಲೆಂಟ್ ಸಿಂಕೋವಿಚ್ ಎಂಬ ಸೋದರರು ಈ ದೂರವನ್ನು 5 ನಿಮಿಷ 59.72 ಸೆಕೆಂಡುಗಳಲ್ಲಿ ಮುಗಿಸಿ, ಆರು ನಿಮಿಷಗಳ ಎಲ್ಲೆಯನ್ನು ಮೊದಲು ದಾಟಿದರು. ಒಂದೇ ಮನೆಯಲ್ಲಿ ಬೆಳೆದವರಿಗೆ ಉಸಿರು ಕೂಡಿದುದು ಆಶ್ಚರ್ಯವಲ್ಲ. ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಲೊಲ್ಲದ ಸಮಾಜದಲ್ಲಿ ಹುಟ್ಟಿದವರು ಒಂದೇ ದೋಣಿಯಲ್ಲಿ ಕುಳಿತುದೇ ವಿಚಾರಮಾಡತಕ್ಕ ಸಂಗತಿ.

ಇಂಗ್ಲೆಂಡಿನಲ್ಲಿ ಥೇಮ್ಸ್ ನದಿಯ ದಡದ ಹೆನ್ಲೀ ಎಂಬ ಊರು ದೋಣಿಪಂದ್ಯಗಳಿಗೆ ಕ್ಷೇತ್ರವಿದ್ದಂತೆ. ಅಲ್ಲಿಯ ಅಧಿಕಾರಿಗಳು 1879ರಲ್ಲಿ ಒಂದು ನಿಯಮವನ್ನು ಮಾಡಿದರು. ಹಣಕ್ಕಾಗಿ ಹುಟ್ಟು ಹಾಕುವವನು ವಿನೋದಕ್ಕಾಗಿ ಹುಟ್ಟು ಹಾಕುವವನೊಡನೆ ಸ್ಪರ್ಧಿಸಕೂಡದೆಂಬುದು ಒಂದು ಮಾತು. ಅದಕ್ಕೆ ನ್ಯಾಯವಿದ್ದರೂ ಇರಬಹುದು. ನಿಯಮವು ಅಷ್ಟಕ್ಕೆ ನಿಲ್ಲಲಿಲ್ಲ. ಕೂಲಿಗಾಗಿ ಕೈಗೆಲಸ ಮಾಡುವ ಬಡಗಿ, ಕಮ್ಮಾರ, ಕಲ್ಲುಕುಟಿಗ, ಆಳು—ಇವರಲ್ಲಿ ಯಾರೇ ಆಗಲಿ, ದೋಣಿಯಿಂದ ಒಂದು ಕಾಸನ್ನೂ ಗಳಿಸದವನಾದರೂ, ಪಂದ್ಯಕ್ಕೆ ಅನರ್ಹನೆಂದು ಅದು ವಿಧಿಸಿತು. ದಿನವೆಲ್ಲ ದುಡಿದವನ ತೋಳು ಗಟ್ಟಿಯಾಗಿರುವುದರಿಂದ ಸಜ್ಜನರಿಗೆ ಅನ್ಯಾಯವಾಗುವುದೆಂಬುದು ಹೊರಗೆ ಹೇಳುವ ಕಾರಣ. ಒಳಗಿನ ಕಾರಣವನ್ನು ಈ ದೇಶದವರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ಅಮೆರಿಕದ ಫಿಲಡೆಲ್ಫಿಯಾ ನಗರದ ಜಾನ್ ಕೆಲ್ಲಿ ಎಂಬವನು ಇಟ್ಟಿಗೆ ಕಟ್ಟುವ ಕಸಬಿನವನು. 1920ರಲ್ಲಿ ಅವನು ಹೆನ್ಲೀಯ ಒಂಟಿದೋಣಿಯ ಪಂದ್ಯಕ್ಕೆ ಹೆಸರು ಕಳುಹಿಸಿದನು, ಅಲ್ಲಿಯವರು ತಿರಸ್ಕರಿಸಿದರು. ಅವನ ಸಂಘದ ಮೇಲೆ ಇದ್ದ ಹಳೆಯ ಬಹಿಷ್ಕಾರವೂ ಒಂದು ಕಾರಣ; ಅವನು ಕೈಗೆಲಸದವನೆಂಬುದು ಮತ್ತೊಂದು. ಅದೇ ವರ್ಷ ಬೆಲ್ಜಿಯಮ್ ದೇಶದಲ್ಲಿ ನಡೆದ ಒಲಿಂಪಿಕ್ ಪಂದ್ಯದಲ್ಲಿ ಕೆಲ್ಲಿಯು ಇಂಗ್ಲೆಂಡಿನ ಜ್ಯಾಕ್ ಬೆರೆಸ್‌ಫೋರ್ಡನನ್ನು ಒಂದೇ ಸೆಕೆಂಡಿನ ಅಂತರದಿಂದ ಸೋಲಿಸಿದನು. ಬಳಿಕ ಅದೇ ದಿನ, ಉಸಿರಾಡಿಸಿಕೊಳ್ಳಲು ಅರ್ಧ ಗಂಟೆಯ ಬಿಡುವೂ ಸರಿಯಾಗಿ ದೊರೆಯದೆ, ದಾಯಾದಿ ಪಾಲ್ ಕಾಸ್ಟೆಲ್ಲೋನೊಡನೆ ಜೋಡಿಹುಟ್ಟಿನ ದೋಣಿಯಲ್ಲಿ ಕುಳಿತು ಅದನ್ನೂ ಗೆದ್ದನು. ತನ್ನ ಬೆವರಿನ ಟೋಪಿಯನ್ನು ಇಂಗ್ಲೆಂಡಿನ ದೊರೆಗೆ ಕಳುಹಿಸಿದನೆಂಬುದು ಜನರು ಕಟ್ಟಿದ ಕಥೆಯಾಗಿರಬಹುದು. ಆದರೆ ಕಟ್ಟತಕ್ಕ ಕಥೆಯೇ ಸರಿ. 1947ರಲ್ಲಿ ಅವನ ಮಗನು, ಅವನದೇ ಹೆಸರಿನವನು, ತಂದೆಗೆ ಬಾಗಿಲು ಮುಚ್ಚಿದ್ದ ಹೆನ್ಲೀಯ ಅದೇ ಪಂದ್ಯವನ್ನು ಗೆದ್ದನು.

ಆ ದಿನ ಸೋತ ಬೆರೆಸ್‌ಫೋರ್ಡನೂ ಸಾಮಾನ್ಯನಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಕಾಲಿಗೆ ಪೆಟ್ಟು ಬಿದ್ದ ಮೇಲೆ, ಆ ಕಾಲಿಗೆ ಬಲ ಬರಲೆಂದು ಹುಟ್ಟು ಹಿಡಿದವನು. ಐದು ಒಲಿಂಪಿಕ್ ಕ್ರೀಡೆಗಳಲ್ಲಿ ಐದು ಪದಕಗಳನ್ನು ಪಡೆದವನು. ಐದನೆಯದು 1936ರಲ್ಲಿ, ಬರ್ಲಿನ್ನಿನ ಸಮೀಪದ ಗ್ರೂನೌ ಎಂಬಲ್ಲಿ, ಡಿಕ್ ಸೌತ್‌ವುಡ್ಡನೊಡನೆ ಜೋಡಿಹುಟ್ಟಿನ ಪಂದ್ಯದಲ್ಲಿ ಬಂದಿತು. ಆಗ ಅವನಿಗೆ 37 ವರ್ಷ. ಅವರ ದೋಣಿಯು ತೀರ ಭಾರವೆಂದು ಕಂಡು ಬೇರೊಂದನ್ನು ಮಾಡಿಸಿದವನು ಎರಿಕ್ ಫೆಲ್ಪ್ಸ್ ಎಂಬ ವೃತ್ತಿಗಾರ. ಸಜ್ಜನರ ಪಂದ್ಯದಲ್ಲಿ ತಾನು ಕುಳಿತುಕೊಳ್ಳುವ ಹಕ್ಕಿಲ್ಲದವನು ಸಜ್ಜನರಿಗೆ ಕುಳಿತುಕೊಳ್ಳುವ ಬಗೆಯನ್ನು ಕಲಿಸಬಹುದಾಗಿದ್ದಿತು! ಹೊಸ ದೋಣಿಯು ಜರ್ಮನಿಯ ರೈಲುದಾರಿಯಲ್ಲಿ ಕೆಲವು ಕಾಲ ಕಾಣೆಯಾಗಿ, ಹುಡುಕಿದ ಮೇಲೆ ಸಿಕ್ಕಿತು. ಮೊದಲನೆಯ ಸುತ್ತಿನಲ್ಲಿ ಜರ್ಮನಿಯ ಜೋಡಿಯು ಇವರನ್ನು ಸೋಲಿಸಿತು. ಕೊನೆಯ ದಿನ ಹಿಟ್ಲರನ ಸಮಕ್ಷಮದಲ್ಲಿ ಮೊದಲ ಐದು ಪಂದ್ಯಗಳನ್ನೂ ಜರ್ಮನರೇ ಗೆದ್ದರು. ಆರನೆಯದು ಇದು. ಬಹುದೂರದವರೆಗೆ ಜರ್ಮನರೇ ಮುಂದಿದ್ದರು. ಕೊನೆಯ ಇನ್ನೂರು ಮೀಟರುಗಳ ಹೊತ್ತಿಗೆ ಎರಡು ದೋಣಿಗಳೂ ಸಮನಾದುವು. ಆಮೇಲೆ ಜರ್ಮನರ ಕೈ ಸೋತಿತು. ಇಂಗ್ಲಿಷರು 7 ನಿಮಿಷ 20.8 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು.

ಅದೇ 1936ರಲ್ಲಿ ಹೆನ್ಲೀಯವರು ಆಸ್ಟ್ರೇಲಿಯಾದ ಎಂಟು ಜನರ ತಂಡವನ್ನು, ಅವರು ಪೊಲೀಸಿನವರಾದುದರಿಂದ, ಹೊರಗಿಟ್ಟರು. ಇದರಿಂದ ಅಪಹಾಸ್ಯವುಂಟಾಗಿ, ಮರುವರ್ಷ 1937ರಲ್ಲಿ ಕೈಗೆಲಸದ ನಿಷೇಧವನ್ನು ತೆಗೆದುಹಾಕಿದರು. ಆದರೂ ದೋಣಿಯ ಕೆಲಸವನ್ನೇ ಜೀವನೋಪಾಯವಾಗಿ ಉಳ್ಳವರಿಗೆ ನಿರ್ಬಂಧವು ತಪ್ಪಲಿಲ್ಲ.

ಇಷ್ಟೆಲ್ಲವನ್ನೂ ಹೇಳಬೇಕಾದುದು 1948ರ ಪಂದ್ಯದ ಸಲುವಾಗಿ. ಆ ವರ್ಷದ ಒಲಿಂಪಿಕ್ ಕ್ರೀಡೆಗಳು ಲಂಡನ್ನಿನಲ್ಲಿ ನಡೆದುವು, ದೋಣಿಪಂದ್ಯಗಳು ಹೆನ್ಲೀಯಲ್ಲಿ. ಯುದ್ಧವು ಮುಗಿದು ಮೂರು ವರ್ಷಗಳಾಗಿದ್ದರೂ ಇಂಗ್ಲೆಂಡಿನಲ್ಲಿ ಇನ್ನೂ ಪಡಿತರವಿದ್ದಿತು. ಕ್ರೀಡಾಪಟುಗಳಿಗೆ ಬಂದರಿನ ಹಮಾಲರಿಗೂ ಗಣಿಯ ಕೆಲಸಗಾರರಿಗೂ ಕೊಡುವಷ್ಟೇ ಆಹಾರವನ್ನು ಕೊಡಬೇಕೆಂದು ಸರಕಾರವು ಗೊತ್ತುಮಾಡಿತು. ಯಾರ ಸಹವಾಸವೇ ಬೇಡವೆಂದು ಅರವತ್ತು ವರ್ಷ ನಿಯಮ ಕಟ್ಟಿಕೊಂಡಿದ್ದರೋ ಅವರ ಪಾಲಿನ ಅನ್ನವನ್ನೇ ಉಣ್ಣಬೇಕಾಗಿ ಬಂದಿತೆಂದರೆ, ಕಾಲಪುರುಷನಿಗೂ ವಿನೋದಬುದ್ಧಿಯುಂಟೆನ್ನಬೇಕು.

ಜೋಡಿಹುಟ್ಟಿನ ದೋಣಿಗೆ ಆರಿಸಲ್ಪಟ್ಟವರು ರಿಚರ್ಡ್ ಬರ್ನೆಲ್ ಮತ್ತು ಬರ್ಟ್ ಬುಷ್ನೆಲ್. ಬರ್ನೆಲ್ಲನು ಈಟನ್ ಶಾಲೆಯಲ್ಲಿಯೂ ಆಕ್ಸ್‌ಫರ್ಡಿನಲ್ಲಿಯೂ ಓದಿದವನು. ‘ಟೈಮ್ಸ್’ ಪತ್ರಿಕೆಗೆ ದೋಣಿಪಂದ್ಯಗಳ ವರದಿಗಾರ. ಅವನ ತಂದೆ ಚಾರ್ಲ್ಸ್ ಬರ್ನೆಲ್ 1908ರ ಒಲಿಂಪಿಕ್ಕಿನಲ್ಲಿ ಇದೇ ಹೆನ್ಲೀಯ ನೀರಿನಲ್ಲಿ ಎಂಟು ಜನರ ದೋಣಿಯಲ್ಲಿ ಕುಳಿತು ಚಿನ್ನದ ಪದಕವನ್ನು ಪಡೆದಿದ್ದನು. ಬುಷ್ನೆಲ್ಲನು ಥೇಮ್ಸ್ ದಡದ ಒಬ್ಬ ದೋಣಿಯ ಬಡಗಿಯ ಮಗ. ಹದಿನಾಲ್ಕನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟವನು. ತಂದೆಯ ಕಾರ್ಖಾನೆಯಲ್ಲಿ ಉಳಿ ಹಿಡಿದರೆ ಪಂದ್ಯದ ಹಕ್ಕು ಹೋಗುವುದೆಂದು, ಹುಟ್ಟಿನಿಂದ ಬಂದ ವಿದ್ಯೆಯನ್ನು ಬಿಟ್ಟು ಬೇರೊಂದು ಕಂಪನಿಯಲ್ಲಿ ಯಂತ್ರದ ಕೆಲಸವನ್ನು ಕಲಿತನು. ದೋಣಿಯನ್ನು ಪ್ರೀತಿಸಿದುದಕ್ಕಾಗಿ ದೋಣಿಯನ್ನು ಕಟ್ಟುವ ಕೆಲಸವನ್ನು ತೊರೆಯಬೇಕಾದ ಈ ಸ್ಥಿತಿಯನ್ನು ಆ ನಿಯಮ ಬರೆದ ಪ್ರಭುಗಳು ಒಂದು ಗಳಿಗೆಯಾದರೂ ಯೋಚಿಸಿದ್ದರೋ ಇಲ್ಲವೋ!

ಇಬ್ಬರೂ ಒಂಟಿದೋಣಿಯಲ್ಲಿ ನಿಪುಣರು. ಇಂಗ್ಲೆಂಡಿನ ಒಂಟಿದೋಣಿಯ ಪ್ರಾಶಸ್ತ್ಯವನ್ನು 1946ರಲ್ಲಿ ಬರ್ನೆಲ್ಲನೂ 1947ರಲ್ಲಿ ಬುಷ್ನೆಲ್ಲನೂ ಪಡೆದಿದ್ದರು. 1948ರಲ್ಲಿಯೂ ಒಬ್ಬನೇ ಸ್ಪರ್ಧಿಸಬೇಕೆಂಬುದು ಬುಷ್ನೆಲ್ಲನ ಆಸೆ. ಅದು ಕೈಗೂಡದೆ ಈ ಜೋಡಣೆಯಾಯಿತು. ಇದರಲ್ಲಿ ಬೆರೆಸ್‌ಫೋರ್ಡನ ಕೈಯೂ ಇದ್ದಿತು. ಒಟ್ಟಿಗೆ ಅಭ್ಯಾಸ ಮಾಡಲು ಉಳಿದುದು ಕೆಲವೇ ವಾರಗಳು. ಬರ್ನೆಲ್ಲನ ಎತ್ತರ ಆರಡಿ ನಾಲ್ಕು ಅಂಗುಲ. ಬುಷ್ನೆಲ್ಲನು ಅವನಿಗಿಂತ ಸುಮಾರು ಅರ್ಧ ಅಡಿ ಗಿಡ್ಡ. ಉದ್ದ ಕಾಲಿನವನು ಹಿಂದಕ್ಕೆ ಜಾರುವ ದೂರವೇ ಬೇರೆ, ಗಿಡ್ಡ ಕಾಲಿನವನದೇ ಬೇರೆ. ಆದುದರಿಂದ ಪೀಠದ ಸ್ಥಾನವನ್ನೂ ಕಾಲಿಡುವ ಹಲಗೆಯನ್ನೂ ಹುಟ್ಟು ಆನುವ ಕಬ್ಬಿಣದ ತೋಳುಗಳನ್ನೂ ಒಬ್ಬೊಬ್ಬನ ಮೈಗೆ ತಕ್ಕಂತೆ ಹೊಂದಿಸಬೇಕಾಯಿತು. ದ್ವಂದ್ವಸಮಾಸದಲ್ಲಿ ಹೆಚ್ಚು ಪೂಜ್ಯವಾದ ಪದವು ಮೊದಲು ಬರಬೇಕೆಂದು ವೈಯಾಕರಣರು ಹೇಳುತ್ತಾರೆ. ದೋಣಿಯಲ್ಲಿ ಆ ವಿಧಿಯು ನಡೆಯದು. ಅಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬುದನ್ನು ಮೈಯ ಲಕ್ಷಣವೂ ಎಳೆತದ ರೀತಿಯೂ ನಿರ್ಣಯಿಸುತ್ತವೆ; ಓದಿದ ಶಾಲೆಯಲ್ಲ.

ಮೈಗಳನ್ನು ಹೊಂದಿಸಿದಷ್ಟು ಸುಲಭವಾಗಿ ಮನಸ್ಸುಗಳು ಹೊಂದಲಿಲ್ಲ. ಕುಲಭೇದದ ಬಿಗುಪು ಅಲ್ಲಿ ಇದ್ದಿತೆಂದೂ ಅದು ತನ್ನ ಮೊಂಡುತನದಿಂದಲೇ ಬಂದುದೆಂದೂ ಬುಷ್ನೆಲ್ಲನು ಮುಪ್ಪಿನಲ್ಲಿ ಒಪ್ಪಿಕೊಂಡಿದ್ದಾನೆ. ಅವನು ಒಪ್ಪಿಕೊಂಡರೂ, ವಿಚಾರವಂತರು ಅದನ್ನು ಅವನೊಬ್ಬನ ತಲೆಗೆ ಕಟ್ಟಲಾರರು. ಎಳವೆಯಿಂದ ಬಾಗಿಲಿನ ಹೊರಗೆ ನಿಂತವನಿಗೆ, ಒಳಗಿನವನು ಎಷ್ಟೇ ಸೌಜನ್ಯದಿಂದ ಕರೆದರೂ, ಆ ಸೌಜನ್ಯವೇ ಚುಚ್ಚುವುದುಂಟು. ಆದರೆ ಪಂದ್ಯದ ದೋಣಿಯು ಸಿಟ್ಟನ್ನು ಕೂಡ ಪಾಲು ಹಾಕಿಯೇ ಹೊರುತ್ತದೆ. ಒಬ್ಬನು ಮುನಿದು ತಾಳ ತಪ್ಪಿ ಎಳೆದರೆ ಇಬ್ಬರೂ ಹಿಂದೆ ಬೀಳುವರು.

ಮೊದಲನೆಯ ಸುತ್ತಿನಲ್ಲಿ ಅವರು ಫ್ರಾನ್ಸಿನ ಜೋಡಿಗೆ ಸೋತರು. ಬಲಿಷ್ಠರಾದ ಡೆನ್ಮಾರ್ಕಿನವರನ್ನು ಕೊನೆಯವರೆಗೆ ಎದುರಿಸದಿರಲೆಂದು ಬೇಕೆಂದೇ ಸೋತರೆಂದು ಹೇಳುವುದುಂಟು. ಅದು ನಿಜವಾದರೆ ಚಾಣಕ್ಯನು ಮೆಚ್ಚಿಯಾನು, ಭೀಷ್ಮನು ಮೆಚ್ಚಲಾರನು. ಸೋತವರಿಗಾಗಿ ಇರುವ ಎರಡನೆಯ ಅವಕಾಶದಲ್ಲಿ ಗೆದ್ದು ಅವರು ಮುಂದುವರಿದರು.

ಅಂತಿಮ ಪಂದ್ಯವು 1948ನೆಯ ಆಗಸ್ಟ್ 9ರಂದು ನಡೆಯಿತು. ಎದುರಿಗಿದ್ದವರು ಡೆನ್ಮಾರ್ಕಿನ ಪಾರ್ಸ್ನರ್ ಮತ್ತು ಲಾರ್ಸೆನ್, ಹಾಗೂ ಉರುಗ್ವೇ ದೇಶದ ಜೋಡಿ. ಹೆನ್ಲೀಯ ಓಟದ ದಾರಿಯು ಇಕ್ಕಟ್ಟು. ಮೂರು ದೋಣಿಗಳಿಗಿಂತ ಹೆಚ್ಚಿಗೆ ಅಲ್ಲಿ ಎಡೆಯಿರಲಿಲ್ಲ. ಇಂಗ್ಲಿಷರು 6 ನಿಮಿಷ 51.3 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು. ಡೇನರು ಸರಿಯಾಗಿ ನಾಲ್ಕು ಸೆಕೆಂಡುಗಳ ಮೇಲೆ. ಉರುಗ್ವೇಯವರು ಬಹು ಹಿಂದೆ. ನಾಲ್ವತ್ತು ವರ್ಷಗಳ ಹಿಂದೆ ತಂದೆಯು ಗೆದ್ದ ನೀರಿನಲ್ಲಿಯೇ ಮಗನು ಗೆದ್ದನು. ಬಡಗಿಯ ಮಗನೂ ಅದೇ ಕ್ಷಣದಲ್ಲಿಯೇ ಗೆದ್ದನು. ದೋಣಿಯ ಮೂತಿಯು ಗೆರೆಯನ್ನು ಮುಟ್ಟುವಾಗ ಅದರೊಳಗೆ ಮೊದಲು ಯಾರು ಎಂದು ಎಣಿಸುವ ಪದ್ಧತಿಯಿಲ್ಲ. ಇದಾದ ಮೇಲೆ ಇಂಗ್ಲೆಂಡಿನವರಿಗೆ ದೋಣಿಪಂದ್ಯದಲ್ಲಿ ಮತ್ತೊಂದು ಒಲಿಂಪಿಕ್ ಚಿನ್ನವು ದೊರೆಯಲು 1984ರವರೆಗೆ ಕಾಯಬೇಕಾಯಿತು.

ಬರ್ನೆಲ್ಲನು ತನ್ನ ಪತ್ರಿಕೆಗೆ ಹಿಂದಿರುಗಿ, ಹಲವು ವರ್ಷ ಪಂದ್ಯಗಳ ವಿಷಯವನ್ನು ಬರೆದು, ದೋಣಿ ನಡೆಸುವ ವಿದ್ಯೆಯ ಮೇಲೆ ಗ್ರಂಥಗಳನ್ನೂ ರಚಿಸಿ, 1995ರಲ್ಲಿ ತೀರಿಕೊಂಡನು. ಬುಷ್ನೆಲ್ಲನು 2010ರವರೆಗೆ ಬದುಕಿದ್ದನು. ಸ್ಪರ್ಧೆಗಳನ್ನು ಬಿಟ್ಟ ಮೇಲೆ ಅವನು ಥೇಮ್ಸ್ ನದಿಯ ಮೇಲೆ ದೋಣಿಗಳ ಉದ್ಯೋಗವನ್ನೇ ಕೈಗೊಂಡನು. ಆಗ ಅದನ್ನು ತಡೆಯತಕ್ಕ ನಿಯಮವು ಯಾವುದೂ ಅವನ ಮೇಲೆ ಉಳಿದಿರಲಿಲ್ಲ.