ಹನ್ನೊಂದು ಸೆಕೆಂಡಿನ ಕಾವು

ನನ್ನ ಹವ್ಯಾಸವನ್ನು ಅಮ್ಮನಿಗೆ ಫೋನಿನಲ್ಲಿ ವಿವರಿಸಲು ಹೊರಟರೆ ಮಾತು ಪ್ರತಿಸಲವೂ ಒಂದೇ ಕಡೆ ಬಂದು ನಿಲ್ಲುತ್ತದೆ.

“ಆ ಕಾರು ಹಿಡ್ಕೊಂಡು ಎಲ್ಲಿಗೆ ಹೋಗುವುದು ನೀನು?”

“ಕಾಲು ಮೈಲಿ ಅಮ್ಮ. 402 ಮೀಟರ್.”

“ಮತ್ತೆ?”

“ಮತ್ತೆ ಎಂತ ಇಲ್ಲ. ವಾಪಸ್ ಬರುವುದು.”

“ಅಷ್ಟಕ್ಕೆ ನಡ್ಕೊಂಡೇ ಹೋಗ್ಬಹುದಲ್ಲ ಮಾರಾಯ.”

ಮೂಡುಬಿದಿರೆಯಲ್ಲಿ ಹುಟ್ಟಿ, ಕಂಬಳ ನೋಡಿ ಬೆಳೆದ ಹೆಂಗಸು ಹೀಗೆನ್ನಬಾರದು. ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ಬುಧವಾರ ಸಂಜೆ ನಾವು ಓಡಿಸುವ ಡ್ರ್ಯಾಗ್ ರೇಸೂ ಒಂದು ಬಗೆಯ ಜೋಡುಕರೆಯೇ. ಪಕ್ಕಪಕ್ಕದಲ್ಲಿ ಎರಡು ನೇರ ಹಾದಿ, ಒಂದು ಸಲಕ್ಕೆ ಇಬ್ಬರು, ತಿರುವಿಲ್ಲ, ಗೆದ್ದವನು ಮುಂದಿನ ಸುತ್ತಿಗೆ. ಕೆಸರಿನ ಬದಲು ಟೈರು ಕಚ್ಚಿ ಹಿಡಿಯಲೆಂದು ಅಂಟು ಸಿಂಪಡಿಸಿದ ನೆಲ, ಅಷ್ಟೆ. ಗಂತಿನಿಂದ ಹೊರಟ ಕೋಣಗಳು ಮಂಜೊಟ್ಟಿ ಮುಟ್ಟುವ ಚಿತ್ರ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಓಡಿ ಬಂದು ಬುಸುಗುಟ್ಟುತ್ತಿರುವ ಕೋಣಗಳ ಮೈಮೇಲೆ ಕೊಡಗಟ್ಟಲೆ ನೀರು ಹೊಯ್ಯುವವನ ಚಿತ್ರವನ್ನು ಯಾರೂ ತೆಗೆಯುವುದಿಲ್ಲ. ನನ್ನ ಕಾರಿನಲ್ಲಿ ಆ ಕೆಲಸ ಗೇರ್‌ಬಾಕ್ಸಿನ ಎಣ್ಣೆ ತಣಿಸುವ ಟ್ರಾನ್ಸ್‌ಮಿಷನ್ ಕೂಲರಿನದು, ನನ್ನ ಮೋಹವೆಲ್ಲ ಅದರ ಮೇಲೆ. ಎಂಜಿನ್ನಿನ ಬಗ್ಗೆ ಮಾತನಾಡಲು ಪಿಟ್ಟಿನ ತುಂಬ ಜನ ಇದ್ದಾರೆ. ಎರಡು ಕೊಳವೆ ಸೇರಿಸಿದ ಈ ಅಲ್ಯೂಮಿನಿಯಮ್ ಚೌಕದ ಪರವಾಗಿ ಯಾರಾದರೂ ನಾಲ್ಕು ಮಾತು ಆಡಬೇಕಲ್ಲ.

ಕಾರು 1972ರ ಷೆವ್ರೊಲೆ ನೋವಾ. ಗೇರ್‌ಬಾಕ್ಸ್ ಪವರ್‌ಗ್ಲೈಡ್. 1950ರಲ್ಲಿ ಬಂದು 1973ರಲ್ಲಿ ಕಾರ್ಖಾನೆಯಿಂದ ನಿವೃತ್ತಿಯಾದ ಈ ಎರಡೇ ಗೇರಿನ ಮುದುಕನನ್ನು ಡ್ರ್ಯಾಗ್ ಪಟ್ಟಿಯವರು ಇನ್ನೂ ಬಿಟ್ಟುಕೊಟ್ಟಿಲ್ಲ. ಹಗುರ, ಗಟ್ಟಿಮುಟ್ಟು, ಎಂಜಿನ್ನಿನ ಶಕ್ತಿಯನ್ನು ತಾನು ನುಂಗುವುದು ಕಡಿಮೆ, ಓಟದಲ್ಲಿ ಗೇರು ಬದಲಿಸುವುದು ಒಂದೇ ಸಲ. ಅದಕ್ಕೂ ಎಂಜಿನ್ನಿಗೂ ನಡುವೆ ಟಾರ್ಕ್ ಕನ್ವರ್ಟರ್ ಕೂತಿದೆ. ಎಂಜಿನ್ನು ತಿರುಗಿಸುವ ಒಂದು ಚಕ್ರ ಎಣ್ಣೆಯನ್ನು ಎಸೆಯುತ್ತದೆ, ಎದುರಿನ ಚಕ್ರ ಆ ಎಣ್ಣೆಯ ಹೊಡೆತಕ್ಕೆ ತಿರುಗುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿದ್ದರೆ ತಕರಾರಿಲ್ಲ. ಒಂದು ಓಡುತ್ತಿದ್ದು ಇನ್ನೊಂದು ನಿಂತಿದ್ದರೆ ಎಂಜಿನ್ನಿನ ಅಷ್ಟೂ ಶಕ್ತಿ ಎಣ್ಣೆಗೆ ಕಾವಾಗಿ ಇಳಿಯುತ್ತದೆ.

ನಾವು ಬೇಕೆಂದೇ ಮಾಡುವುದು ಅದನ್ನೇ. ಹೊರಡುವ ಗೆರೆಯಲ್ಲಿ ಟ್ರಾನ್ಸ್‌ಬ್ರೇಕ್ ಗುಂಡಿ ಒತ್ತಿ ಹಿಡಿದರೆ ಮುಂದಿನ ಗೇರೂ ರಿವರ್ಸೂ ಒಟ್ಟಿಗೇ ಕಚ್ಚಿಕೊಂಡು ಕಾರು ಅಲ್ಲಾಡದೆ ನಿಲ್ಲುತ್ತದೆ. ಬಲಗಾಲು ಪೂರ್ತಿ ಕೆಳಗೆ. ಹೊರಡುವ ಸೂಚನೆಯ ದೀಪ ಇಳಿದು ಬರುವವರೆಗೆ ಎಂಜಿನ್ನು ಅಲ್ಲೇ ಅಬ್ಬರಿಸುತ್ತಿರುತ್ತದೆ. ಆ ಹೊತ್ತಿನಲ್ಲಿ ಅದು 250 ಅಶ್ವಶಕ್ತಿ ಕೊಡುತ್ತಿದೆ ಎಂದುಕೊಳ್ಳಿ. ಒಂದು ಅಶ್ವಶಕ್ತಿಗೆ 746 ವಾಟ್, ಅಂದರೆ ಸೆಕೆಂಡಿಗೆ ಸುಮಾರು 1,86,000 ಜೌಲ್. ಕನ್ವರ್ಟರಿನೊಳಗೆ ನಾಲ್ಕು ಲೀಟರ್ ಎಣ್ಣೆ ಇದ್ದು ಕಾವೆಲ್ಲ ಅದಕ್ಕೇ ಹೋದರೆ, ಪ್ರತಿ ಸೆಕೆಂಡಿಗೆ ಹೆಚ್ಚುಕಡಿಮೆ 27 ಡಿಗ್ರಿ ಸೆಲ್ಸಿಯಸ್ ಏರಿಕೆ! ಸುತ್ತಲಿನ ಉಕ್ಕು ಒಂದಿಷ್ಟು ಹೀರಿಕೊಳ್ಳುವುದರಿಂದ ನಿಜದಲ್ಲಿ ಇಷ್ಟಾಗುವುದಿಲ್ಲ. ಆದರೂ ಈ ಲೆಕ್ಕ ಹಾಕಿದ ರಾತ್ರಿ ನನಗೆ ಬೇಗ ನಿದ್ದೆ ಹತ್ತಲಿಲ್ಲ.

ಹೊಸ ಎಣ್ಣೆ ದಾಳಿಂಬೆ ಬಣ್ಣದ್ದು. ಬೆಂದ ಎಣ್ಣೆ ಕಂದು, ಅದರ ಕಮಟು ವಾಸನೆ ಒಮ್ಮೆ ಮೂಗಿಗೆ ಹೊಕ್ಕರೆ ಮರೆಯುವುದಿಲ್ಲ. ಸುಮಾರು 80 ಡಿಗ್ರಿ ದಾಟಿದ ಮೇಲೆ ಪ್ರತಿ 11 ಡಿಗ್ರಿಗೆ ಎಣ್ಣೆಯ ಆಯುಸ್ಸು ಅರ್ಧವಾಗುತ್ತದೆ ಎನ್ನುವುದು ಗೇರ್‌ಬಾಕ್ಸ್ ರಿಪೇರಿಯವರ ಹಳೆಯ ಲೆಕ್ಕ.

ಹೆದ್ದಾರಿಯ ಕಾರಿಗಾದರೆ ಓಡುವಾಗ ಬೀಸುವ ಗಾಳಿಯೇ ಕೂಲರಿಗೆ ಅನ್ನ. ನಮ್ಮದು ಕಾಯುವುದು ನಿಂತಲ್ಲಿ. ಗಾಳಿ ಸಿಗುವುದು ಹನ್ನೊಂದು ಸೆಕೆಂಡು, ಆಮೇಲೆ ವಾಪಸು ದಾರಿಯಲ್ಲಿ ತೆವಳುವುದು, ಪಿಟ್ಟಿನಲ್ಲಿ ನಿಲ್ಲುವುದು. ಆದ್ದರಿಂದ ಫ್ಯಾನಿಲ್ಲದ ಕೂಲರನ್ನು ನಾನು ಕೈಯಲ್ಲೂ ಹಿಡಿದು ನೋಡುವುದಿಲ್ಲ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ, ಇಷ್ಟು ಸಾವಿರ ಪೌಂಡ್ ತೂಕದ ಗಾಡಿಗೆ ಎಂಬ ಅಂಕಿಯೂ ನಮಗೆ ದಾರಿ ತಪ್ಪಿಸುವಂಥದ್ದು. ಅದು ಟ್ರೇಲರ್ ಎಳೆಯುವ ಪಿಕಪ್ಪುಗಳಿಗೆ. ಒಂದೂವರೆ ಟನ್ನಿನ ನನ್ನ ನೋವಾ ಆ ಪಟ್ಟಿಯ ಪ್ರಕಾರ ಅತಿ ಚಿಕ್ಕ ಕೂಲರಿಗೆ ಅರ್ಹ. ಆದರೆ ಕಾವು ಹುಟ್ಟುವುದು ತೂಕದಿಂದಲ್ಲ, ಕನ್ವರ್ಟರಿನ ಜಾರುವಿಕೆಯಿಂದ.

ಕೂಲರುಗಳಲ್ಲಿ ಮುಖ್ಯವಾಗಿ ಎರಡು ಕುಲ. ಹಾವಿನಂತೆ ಮಡಿಚಿದ ಒಂದೇ ಕೊಳವೆಗೆ ರೆಕ್ಕೆಗಳನ್ನು ಪೋಣಿಸಿದ್ದು ಅಗ್ಗ. ಅದರಲ್ಲಿ ನಡುಮಧ್ಯೆ ಹರಿಯುವ ಎಣ್ಣೆ ಗೋಡೆಯನ್ನೇ ಮುಟ್ಟದೆ ಬಿಸಿಬಿಸಿಯಾಗಿ ಆಚೆ ದಾಟಿಬಿಡಬಹುದು. ಇನ್ನೊಂದು ಪ್ಲೇಟುಗಳ ಮೇಲೆ ಪ್ಲೇಟು ಜೋಡಿಸಿದ್ದು. ಎಣ್ಣೆ ಹಲವು ತೆಳು ಹಾದಿಗಳಲ್ಲಿ ಹಂಚಿಹೋಗಿ, ಒಳಗಿನ ಏರುತಗ್ಗುಗಳಿಗೆ ಡಿಕ್ಕಿ ಹೊಡೆದು ಕಲಕಿಕೊಂಡು ಹರಿಯುತ್ತದೆ. ನನ್ನ ಮತ ಎಂದಿಗೂ ಪ್ಲೇಟುಗಳಿಗೆ. ಅದಕ್ಕೊಂದು ದೋಷವಿದೆ. ಗೇರ್‌ಬಾಕ್ಸ್ ಒಮ್ಮೆ ಒಳಗೆ ಸಿಡಿದರೆ ಲೋಹದ ಪುಡಿ ಆ ಸಂದಿಗಳಲ್ಲಿ ಕೂತುಬಿಡುತ್ತದೆ, ಎಷ್ಟು ತೊಳೆದರೂ ನಂಬುವ ಹಾಗಿಲ್ಲ. ಎಸೆದು ಹೊಸದು ತರಬೇಕು. ಹಳೆಯದನ್ನೇ ಮತ್ತೆ ಜೋಡಿಸಿದರೆ ಏನಾಗುತ್ತದೆಂದು ತಿಳಿಯಲು ಕೂಲರಿನಿಂದ ತಣಿದ ಎಣ್ಣೆ ಎಲ್ಲಿಗೆ ಹೋಗುತ್ತದೆ ಎಂದು ನೋಡಿದರೆ ಸಾಕು. ಅದು ಸುಮ್ಮನೆ ತಳದ ಪ್ಯಾನಿಗೆ ಬೀಳುವುದಿಲ್ಲ, ಗೇರುಗಳಿಗೂ ಬುಷ್‌ಗಳಿಗೂ ಜಿಡ್ಡುಣಿಸಲು ಹೋಗುತ್ತದೆ. ಕೂಲರು ಕಟ್ಟಿಕೊಂಡರೆ ಪೆಟ್ಟಿಗೆ ಕಾಯುವುದಷ್ಟೇ ಅಲ್ಲ, ಒಣಗುತ್ತದೆ. ಅದಕ್ಕೇ ನಾನು ಕೂಲರಿನ ಅಳತೆಗಿಂತ ಮೊದಲು ಅದರ ಬಾಯಿಯ ಅಳತೆ ಕೇಳುವುದು. ಎಎನ್ 6, ಅಂದರೆ ಇಂಚಿನ ಹದಿನಾರನೇ ಆರು ಭಾಗ. ಅದಕ್ಕಿಂತ ಸಣ್ಣದು ಬೇಡ. ರಬ್ಬರ್ ಪೈಪಿಗೆ ಕ್ಲಿಪ್ಪು ಬಿಗಿಯುವ ಪದ್ಧತಿಯೂ ಬೇಡ, ಉಕ್ಕಿನ ಜಾಲರಿ ಹೆಣೆದ ಪೈಪೇ ಆಗಬೇಕು. 190 ಕಿಲೋಮೀಟರ್ ವೇಗದಲ್ಲಿ ಕೊಳವೆ ಕಳಚಿದರೆ ಎಣ್ಣೆ ಚೆಲ್ಲುವುದು ನಮ್ಮದೇ ಹಿಂದಿನ ಟೈರಿನ ಕೆಳಗೆ, ಇಲ್ಲವೇ ಕೆಂಪಗೆ ಕಾದ ಎಕ್ಸಾಸ್ಟ್ ಮೇಲೆ.

ಈ ಆಟದಲ್ಲಿ ಗೇರ್‌ಬಾಕ್ಸಿಗೆ ಹೆದರದವರಿಲ್ಲ. 1970ರ ಮಾರ್ಚಿನಲ್ಲಿ ಲಾಸ್ ಏಂಜಲೀಸ್ ಬಳಿಯ ಲಯನ್ಸ್ ಪಟ್ಟಿಯಲ್ಲಿ ಡ್ರ್ಯಾಗ್ ಓಟಗಾರ ಡಾನ್ ಗಾರ್ಲಿಟ್ಸ್ ಅವರ ಡ್ರ್ಯಾಗ್‌ಸ್ಟರಿನ ಗೇರ್‌ಬಾಕ್ಸ್ ಸ್ಫೋಟಿಸಿ ಬಲಪಾದದ ಒಂದು ಭಾಗವನ್ನೇ ಕತ್ತರಿಸಿ ಹಾಕಿತು. ಅಲ್ಲಿ ಕಾರಣ ಕೂಲರಲ್ಲ, ನಿಜ. ಆದರೆ ಮರುವರ್ಷವೇ ಎಂಜಿನ್ನನ್ನು ತನ್ನ ಬೆನ್ನ ಹಿಂದಕ್ಕೆ ಸರಿಸಿದ ಕಾರಿನೊಂದಿಗೆ ಬಂದು ಪೊಮೋನಾದಲ್ಲಿ ಗೆದ್ದ ಆ ಮನುಷ್ಯನನ್ನು ನೆನೆಯದೆ ನಾನು ಒಂದು ನಟ್ಟನ್ನೂ ಬಿಗಿಯುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಎಣ್ಣೆ ತಣ್ಣಗಿದ್ದಷ್ಟೂ ಒಳ್ಳೆಯದು ಎಂದು ನಿಮಗೆ ಅನ್ನಿಸಿರಬಹುದು. ಖಂಡಿತ ಅಲ್ಲ. ನಾನು ಓಡುವುದು ಬ್ರ್ಯಾಕೆಟ್ ರೇಸಿನಲ್ಲಿ. ನನ್ನ ಕಾರು ಎಷ್ಟು ಸೆಕೆಂಡಿಗೆ ಮುಟ್ಟುತ್ತದೆಂದು ನಾನೇ ಮೊದಲು ಗಾಜಿನ ಮೇಲೆ ಬಿಳಿ ಶೂ ಪಾಲಿಶಿನಿಂದ ಬರೆಯಬೇಕು. 10.95 ಎಂದು ಬರೆದು 10.93ಕ್ಕೆ ಮುಟ್ಟಿದರೆ, ಎದುರಾಳಿಯೂ ಅದೇ ತಪ್ಪು ಮಾಡದಿದ್ದರೆ, ವೇಗವಾಗಿ ಓಡಿದ ತಪ್ಪಿಗೇ ಸೋಲು. ಎಣ್ಣೆಯ ಕಾವು ಬದಲಾದರೆ ಅದರ ದಪ್ಪ ಬದಲಾಗುತ್ತದೆ, ಕನ್ವರ್ಟರಿನ ಜಾರುವಿಕೆ ಬದಲಾಗುತ್ತದೆ, ಆ ನೂರನೆಯ ಒಂದೆರಡು ಭಾಗ ಕೈ ತಪ್ಪುತ್ತದೆ. ಹಾಗಾಗಿ ನನಗೆ ಬೇಕಿರುವುದು ತಂಪಲ್ಲ, ಪ್ರತಿ ಓಟಕ್ಕೂ ಅದೇ ಕಾವು. ಗೆರೆಗೆ ಹೋಗುವಾಗ 70 ಡಿಗ್ರಿ. ಕನ್ವರ್ಟರಿನಿಂದ ಹೊರಬರುವ ಕೊಳವೆಗೊಂದು ಮೀಟರು, ಪ್ಯಾನಿಗೊಂದು. ಮೊದಲನೆಯದು ಗಾಬರಿ ಸ್ವಭಾವದ್ದು, ಎರಡನೆಯದು ಸಮಾಧಾನಿ. ಎರಡರ ಮಾತನ್ನೂ ಕೇಳಿ ಫ್ಯಾನಿನ ಸ್ವಿಚ್ಚು ಹಾಕಿ ಆರಿಸುತ್ತಾ ಕೂರುವ ಪಿಟ್ಟಿನ ಅರ್ಧ ಗಂಟೆ ನನಗೆ ಓಟಕ್ಕಿಂತ ಇಷ್ಟ.

ಪಕ್ಕದ ಪಿಟ್ಟಿನ ಅಮೆರಿಕನ್ ಅಜ್ಜನಿಗೆ ನನ್ನ ಈ ಸಿದ್ಧಾಂತ ಒಪ್ಪಿಗೆಯಿಲ್ಲ. ಅವರ ಕಾರಿನಲ್ಲಿರುವುದು ನಾನು ಕೈಯಲ್ಲೂ ಮುಟ್ಟದ ಅಗ್ಗದ ಕೊಳವೆ ಕೂಲರು, ಫ್ಯಾನಿಲ್ಲ. ಓಟ ಮುಗಿಸಿ ಬಂದವರೇ ಅದರ ಮೇಲೆ ಒಂದು ಚೀಲ ಐಸು ಇಟ್ಟು, ಮಡಚುವ ಕುರ್ಚಿಯಲ್ಲಿ ಕೂತು ಸ್ಯಾಂಡ್‌ವಿಚ್ ತಿನ್ನುತ್ತಾರೆ. ಸ್ಯಾಂಡ್‌ವಿಚ್ ಮುಗಿದಾಗ ಐಸು ತೆಗೆಯುತ್ತಾರೆ. ಮೀಟರ್ ನೋಡುವುದಿಲ್ಲವೇ ಎಂದು ಕೇಳಿದರೆ ಪ್ಯಾನನ್ನು ಅಂಗೈಯಿಂದ ಮುಟ್ಟಿ ತೋರಿಸುತ್ತಾರೆ. ಎಣ್ಣೆಯ ದಪ್ಪ, ಜಾರುವಿಕೆ, ಜೌಲು ಎಲ್ಲವನ್ನೂ ಅವರಿಗೆ ಹೇಳಿ ನೋಡಿದ್ದೇನೆ. ತಾಳ್ಮೆಯಿಂದ ಕೇಳುತ್ತಾರೆ. ಆಮೇಲೆ ಗೆರೆಗೆ ಹೋಗಿ, ಗಾಜಿನ ಮೇಲೆ ಬರೆದ ಸಮಯಕ್ಕೆ ಸರಿಯಾಗಿ ಮುಟ್ಟಿ, ನನ್ನನ್ನು ಸೋಲಿಸಿ ಬರುತ್ತಾರೆ.